ಪ್ರೀತಿಯ ಹೆಸರಿನ ಲಾಕಪ್ಪು

ನಮ್ಮೂರ ಶಾಲೆ ಮುಂದಿನ ಬಯಲಲ್ಲಿ ನಾವು ಕಳ್ಳ ಪೊಲೀಸ್ ಆಟ ಆಡುತ್ತಿದ್ದೆವು. ಚೀಟಿ ಎತ್ತಬೇಕು, ಯಾರಿಗೆ ಯಾವ ಚೀಟಿ ಬರುತ್ತೋ ಅವರು ಅದಾಗಬೇಕು ಅನ್ನೋದು ಆಟದ ನಿಯಮ. ಆದರೆ ಯಾರಾದರೂ ಚೀಟಿ ಎತ್ತಿದ್ದು ನನಗೆ ನೆನಪಿಲ್ಲ. ಮೇಲಿನ ಬೀದಿ ಹುಡುಗರು ಪೊಲೀಸರು. ಕೇರಿಯ ನಾವು ಕಳ್ಳರು. ಕೆರೆ ಏರಿ ಕೆಳಗೆ ಗುಡಾರ ಹಾಕಿಕೊಂಡು ಬುಟ್ಟಿ ಹೆಣೆಯುತ್ತಿದ್ದ ಕೊರಮರ ಮಕ್ಕಳು ಆಟಕ್ಕೆ ಬಂದ ದಿನ ನಮಗೂ ಬಡ್ತಿ! ಅವತ್ತು ನಾವೂ ಪೊಲೀಸರು, ಅವರು ಕಳ್ಳರು. ಶ್ರೇಣೀಕೃತ ಅಸಮಾನತೆ ಎಂಬ ಮಾತನ್ನು ಅಂಬೇಡ್ಕರರ ಬರಹದಲ್ಲಿ ಓದುವುದಕ್ಕೆ ಹತ್ತು ವರ್ಷ ಮುಂಚೆಯೇ ನಾನು ಅದನ್ನು ಆಡಿ ಕಲಿತಿದ್ದೆ.

ಒಂದು ಸಲ ಊರಲ್ಲಿ ಪಂಪ್‌ಸೆಟ್ಟಿನ ಮೋಟಾರು ಕಳುವಾಯಿತು. ಜೀಪು ಬಂತು. ಜೀಪಿನವರು ಯಾರ ಮನೆ ಹತ್ತಿರವೂ ನಿಲ್ಲಲಿಲ್ಲ, ಯಾರನ್ನೂ ಏನೂ ಕೇಳಲಿಲ್ಲ. ಸೀದಾ ಕೆರೆ ಏರಿಗೆ ಹೋದರು. ನಾವು ಆಡುತ್ತಿದ್ದ ಆಟದ ನಿಯಮ ಅವರಿಗೂ ಗೊತ್ತಿತ್ತು.

ಇದನ್ನೆಲ್ಲ ಈಗ ಯಾಕೆ ಹೇಳ್ತಿದೀನಿ ಅಂದರೆ, ನಾನು ಒಂದು ಪ್ರೇಮಕತೆಯ ಬಗ್ಗೆ ಬರೆಯಬೇಕಾಗಿದೆ. ಕಳ್ಳಿಗೂ ಪೊಲೀಸಿಗೂ ನಡುವಿನ ಪ್ರೇಮಕತೆ.

ಕಾನೂನು ಮುರಿಯುವವರೂ ಕಾನೂನು ಕಾಯುವವರೂ ಪ್ರೀತಿಸುವ ಕತೆ ಎಲ್ಲ ಭಾಷೆಗಳಲ್ಲೂ ಮಾರಾಟವಾಗುತ್ತೆ. ಬಸ್‌ಸ್ಟ್ಯಾಂಡಿನ ಪುಸ್ತಕದಂಗಡಿಯಲ್ಲಿ ಮಾರಾಟವಾಯಿತು, ಟೆಂಟು ಸಿನಿಮಾದಲ್ಲಿ ಮಾರಾಟವಾಯಿತು, ಈಗ ಅಂಗೈಯೊಳಗಿನ ಫೋನಿನಲ್ಲೂ ಮಾರಾಟವಾಗುತ್ತಿದೆ. ಜನ ಅದನ್ನು ಯಾಕೆ ಇಷ್ಟಪಡ್ತಾರೆ ಅನ್ನೋದು ಅರ್ಥವಾಗದ ಸಂಗತಿಯೇನಲ್ಲ. ಎಳೆದ ಗೆರೆಯನ್ನು ಯಾರಾದರೂ ದಾಟುವುದನ್ನು ನೋಡುವ ಆಸೆ ಎಲ್ಲರಿಗೂ ಇದೆ. ನಮಗಂತೂ ಇನ್ನೂ ಹೆಚ್ಚು. ಜಾತಿಯ ಗೆರೆ ದಾಟಿದ್ದಕ್ಕೆ ಹೆತ್ತ ಮಕ್ಕಳನ್ನೇ ಕೊಲ್ಲುವ ನಾಡಿನಲ್ಲಿ ನಾವು ಪ್ರೀತಿಯ ವಿರುದ್ಧ ಮಾತಾಡುವವರಲ್ಲ. ಆದ್ದರಿಂದ ಈ ಕತೆಗಳನ್ನು ಬೂರ್ಜ್ವಾ ಕತೆಗಳು ಅಂತ ಒಂದೇ ಮಾತಿನಲ್ಲಿ ತಳ್ಳಿಹಾಕುವುದು ನನಗೆ ಸರಿ ಕಾಣುವುದಿಲ್ಲ. ಒಂದು ಪ್ರಶ್ನೆಯನ್ನು ಮಾತ್ರ ಕೇಳಬೇಕು ಅನ್ನಿಸುತ್ತೆ. ಹಿಡಿದು ಕೂಡಿಹಾಕುವ ಅಧಿಕಾರ ಕೈಯಲ್ಲಿರುವವನು, ಆ ಕೈಗೆ ಸಿಕ್ಕವಳನ್ನು ಪ್ರೀತಿಸಬಲ್ಲನೇ? ಅವಳು ಅವನನ್ನು ಪ್ರೀತಿಸಿದಳು ಅಂತ ಹೇಳುವುದಕ್ಕೆ ನಮಗೇನು ಆಧಾರ?

ಈ ಜಾತಿಯ ಕತೆಗಳಲ್ಲೆಲ್ಲ ಹೆಚ್ಚು ಹೆಸರಾದದ್ದು ‘ಕಾರ್ಮೆನ್’. ಪ್ರಾಸ್ಪರ್ ಮೆರಿಮೆ ಎಂಬ ಫ್ರೆಂಚ್ ಲೇಖಕ 1845ರಲ್ಲಿ ಪ್ರಕಟಿಸಿದ ಚಿಕ್ಕ ಕಾದಂಬರಿ. 1875ರಲ್ಲಿ ಬಿಝೆ ಎಂಬ ಸಂಗೀತಗಾರ ಅದನ್ನು ಹಾಡುನಾಟಕ ಮಾಡಿ ಪ್ಯಾರಿಸ್‌ನಲ್ಲಿ ಆಡಿಸಿದ. ಆಮೇಲೆ ಅದು ಜಗತ್ತನ್ನೆಲ್ಲ ಸುತ್ತಿತು. ಕಾಲೇಜಿನ ಲೈಬ್ರರಿಯಲ್ಲಿ ಬೆನ್ನು ಹರಿದ ಇಂಗ್ಲಿಷ್ ಅನುವಾದವೊಂದು ನನಗೆ ಸಿಕ್ಕಿತ್ತು. ಡಿಕ್ಷನರಿ ಪಕ್ಕದಲ್ಲಿಟ್ಟುಕೊಂಡು ಹದಿನೈದು ದಿನ ಓದಿದೆ. ಓದಿ ಮುಗಿಸಿದಾಗ ನನಗೆ ಕಂಡಿದ್ದು ಸ್ಪೇನ್ ಅಲ್ಲ. ಕೆರೆ ಏರಿ ಕಂಡಿತು.

ಕತೆ ನಡೆಯುವುದು 1830ರ ಸುಮಾರಿನ ಸ್ಪೇನಿನಲ್ಲಿ. ಅಲ್ಲಿನ ಸಿವಿಲ್ ಗಾರ್ಡ್ ಎಂಬ ಪೊಲೀಸು ಪಡೆ ಹುಟ್ಟಿದ್ದೇ 1844ರಲ್ಲಿ. ಅದಕ್ಕೂ ಮುಂಚಿನ ಈ ಕತೆಯಲ್ಲಿ ಕಾವಲು ಕಾಯುವುದು, ಹಿಡಿಯುವುದು, ಜೈಲಿಗೆ ಸಾಗಿಸುವುದು ಎಲ್ಲ ಸೈನಿಕರದೇ ಕೆಲಸ. ದೋನ್ ಹೊಸೆ ಕುದುರೆ ಪಡೆಯ ದಫೇದಾರ. ಕುಲೀನ ಮನೆತನದ ಹುಡುಗ. ಸೆವಿಲ್ಯ ಪಟ್ಟಣದ ಹೊಗೆಸೊಪ್ಪಿನ ಕಾರ್ಖಾನೆಗೆ ಅವನ ಕಾವಲು. ಒಳಗೆ ನಾನೂರು ಐನೂರು ಹೆಂಗಸರು ಕೂತು ಚುಟ್ಟ ಸುತ್ತುತ್ತಾರೆ. (ಆ ಕಾರ್ಖಾನೆಯ ಕಟ್ಟಡ ಈಗ ಸೆವಿಲ್ಯ ವಿಶ್ವವಿದ್ಯಾಲಯ.) ಕಾರ್ಮೆನ್ ಅಲ್ಲಿ ಕೂಲಿಯವಳು. ರೋಮಾ ಜನಾಂಗದವಳು, ಜಿಪ್ಸಿ ಅಂತ ಲೋಕ ಕರೆಯುವ ಜನ. ಒಂದು ದಿನ ಜಗಳದಲ್ಲಿ ಅವಳು ಚುಟ್ಟದ ತುದಿ ಕತ್ತರಿಸುವ ಚಾಕುವಿನಿಂದ ಜತೆಗಾತಿಯ ಮುಖ ಗೀರುತ್ತಾಳೆ. ಹೊಸೆ ಅವಳನ್ನು ಹಿಡಿದು ಜೈಲಿಗೆ ನಡೆಸಿಕೊಂಡು ಹೋಗುತ್ತಾನೆ. ದಾರಿಯಲ್ಲಿ ಅವಳು ಅವನ ತಾಯ್ನುಡಿ ಬಾಸ್ಕ್‌ನಲ್ಲಿ ಮಾತಾಡಿ ಅವನ ಮನಸ್ಸು ಕರಗಿಸುತ್ತಾಳೆ. ಇಕ್ಕಟ್ಟಾದ ಬೀದಿಯಲ್ಲಿ ಅವನ ಎದೆಗೆ ಗುದ್ದುತ್ತಾಳೆ, ಅವನು ಬೇಕಂತಲೇ ಬೀಳುತ್ತಾನೆ, ಅವಳು ಓಡುತ್ತಾಳೆ. ಇದಕ್ಕಾಗಿ ಹೊಸೆಗೆ ದಫೇದಾರಿಕೆ ಹೋಗುತ್ತದೆ, ಒಂದು ತಿಂಗಳು ಜೈಲೂ ಆಗುತ್ತದೆ. ಆಮೇಲೆ ಅವಳ ಹಿಂದೆ ಅಲೆದು, ಕಳ್ಳಸಾಗಣೆಯವರಿಗೆ ದಾರಿ ಬಿಟ್ಟು, ತನ್ನ ಪಡೆಯ ಅಧಿಕಾರಿಯನ್ನೇ ಕೊಂದು, ತಾನೇ ದರೋಡೆಕೋರನಾಗುತ್ತಾನೆ. ಅವಳ ಗಂಡನನ್ನು ಕೊಲ್ಲುತ್ತಾನೆ. ಕೊನೆಗೆ, ನಿನ್ನ ಜತೆ ಬರುವುದಿಲ್ಲ ಅಂದ ಅವಳನ್ನೂ ಕೊಲ್ಲುತ್ತಾನೆ.

ಇದನ್ನು ಲೋಕ ಪ್ರೇಮಕತೆ ಎಂದು ಕರೆಯಿತು.

ಮೊದಲು ನೋಡಬೇಕಾದ್ದು, ಈ ಕತೆ ಹೇಳುವವರು ಯಾರು ಅನ್ನೋದು. ಹೊಸೆ ತಾನು ಸಾಯುವ ಹಿಂದಿನ ದಿನಗಳಲ್ಲಿ ಕೊರ್ದೋಬದ ಜೈಲಿನಲ್ಲಿ ಕೂತು ಹೇಳುತ್ತಾನೆ. ಕೇಳುವವನು ಹಳೇ ಯುದ್ಧಭೂಮಿಯ ಜಾಗ ಹುಡುಕಿಕೊಂಡು ಬಂದ ಫ್ರೆಂಚ್ ವಿದ್ವಾಂಸ. ಹಿಡಿದವನು ಹೇಳಿದ, ಓದಿದವನು ಬರೆದುಕೊಂಡ. ಅವಳು? ಅವಳ ಒಂದೊಂದು ಮಾತೂ ನಮಗೆ ಈ ಇಬ್ಬರ ಬಾಯಿಂದಲೇ ಬರಬೇಕು. ಅದರಲ್ಲೂ ಹೆಚ್ಚಿನದು ಅವಳನ್ನು ಕೊಂದವನ ಬಾಯಿಂದ. ಅವಳು ಮಾಟಗಾತಿ, ಅವಳು ಸುಳ್ಳಿ, ಅವಳು ನನ್ನನ್ನು ಕೆಡಿಸಿದಳು. ನಮ್ಮ ಸ್ಟೇಷನ್ನುಗಳಲ್ಲಿ ಇಂಥದ್ದಕ್ಕೆ ಪಂಚನಾಮೆ ಅಂತಾರೆ. ಸತ್ತವಳ ಹೆಬ್ಬೆಟ್ಟು ಅದರಲ್ಲಿ ಇರುವುದಿಲ್ಲ.

ಪುಸ್ತಕವಾಗಿ ಬರುವಾಗ ಮೆರಿಮೆ ಒಂದು ನಾಲ್ಕನೇ ಅಧ್ಯಾಯ ಸೇರಿಸಿದ. ಅದರಲ್ಲಿ ಕತೆಯೇ ಇಲ್ಲ. ರೋಮಾ ಜನರ ಚಹರೆ, ಕಸುಬು, ನಡತೆ, ಭಾಷೆ ಇವುಗಳ ವಿವರ ಇದೆ. ಹೆಣ ಹೂತು ಮಣ್ಣು ಆರುವ ಮುಂಚೆಯೇ ಅವಳ ಕುಲದ ಮೇಲೆ ಒಂದು ಪಾಠ! ಬಾಯಿ ಮುಚ್ಚಿಕೊಂಡಿರುವುದರ ಬಗ್ಗೆ ರೋಮಾ ಜನರದೇ ಒಂದು ಗಾದೆ ಹೇಳಿ ಅವನು ಪುಸ್ತಕ ಮುಗಿಸುತ್ತಾನೆ. ಅದು ವಿದ್ವಾಂಸ ತನ್ನನ್ನೇ ಹಾಸ್ಯ ಮಾಡಿಕೊಂಡದ್ದು ಇರಬಹುದು. ಆದರೆ ಕೊನೆಗೂ ಬಾಯಿ ಮುಚ್ಚಿದ್ದು ಯಾರದು ಅನ್ನೋದು ನಮಗೆ ಗೊತ್ತೇ ಇದೆ.

ಮೆರಿಮೆಯನ್ನು ಸುಮ್ಮನೆ ಬೈಯುವುದು ನನ್ನ ಉದ್ದೇಶವಲ್ಲ. ಅವನು ಪ್ರಾಮಾಣಿಕ ಕಣ್ಣುಳ್ಳ ಲೇಖಕ. ತನಗೇ ಗೊತ್ತಿಲ್ಲದೆಯೋ ಗೊತ್ತಿದ್ದೋ ಬಹಳ ಸತ್ಯಗಳನ್ನು ದಾಖಲು ಮಾಡಿದ್ದಾನೆ. ಒಂದನ್ನು ನೋಡಿ. ಕತೆಯ ಮೊದಲಲ್ಲಿ ವಿದ್ವಾಂಸನಿಗೆ ಬೆಟ್ಟದ ದಾರಿಯಲ್ಲಿ ಹೊಸೆ ಸಿಗುತ್ತಾನೆ. ಆಗಲೇ ಅವನು ಹೆಸರಾಂತ ದರೋಡೆಕೋರ. ತಲೆಗೆ 200 ಡುಕಾಟು ಬಹುಮಾನ. ಇಬ್ಬರೂ ಜತೆಯಲ್ಲಿ ಚುಟ್ಟ ಸೇದಿ, ಜತೆಯಲ್ಲಿ ಉಂಡು, ಒಂದೇ ಛತ್ರದಲ್ಲಿ ಮಲಗುತ್ತಾರೆ. ವಿದ್ವಾಂಸನ ದಾರಿತೋರಕ ಬಡವ. ಇನ್ನೂರು ಡುಕಾಟು ಕಳೆದುಕೊಳ್ಳುವ ಶಕ್ತಿ ನನಗಿಲ್ಲ ಅಂದುಕೊಂಡು ರಾತ್ರೋರಾತ್ರಿ ಸಿಪಾಯಿಗಳನ್ನು ಕರೆತರಲು ಹೋಗುತ್ತಾನೆ. ವಿದ್ವಾಂಸ ಹೊಸೆಯನ್ನು ಎಬ್ಬಿಸಿ ಓಡಿಸುತ್ತಾನೆ. ಜತೆಯಲ್ಲಿ ಉಂಡವನನ್ನು ಗಲ್ಲಿಗೆ ಕೊಡುವುದು ಸರಿಯೇ, ಕೊಲೆಗಾರನನ್ನು ಉಳಿಸಿದ್ದು ಸರಿಯೇ ಎಂದು ಆಮೇಲೆ ಯೋಚಿಸುತ್ತಾನೆ. ಒಳ್ಳೆಯ ಪ್ರಶ್ನೆಯೇ. ಆದರೆ ಕುಲೀನ ಕಳ್ಳನ ಬಗ್ಗೆ ಇಂಥ ಪ್ರಶ್ನೆ ಹುಟ್ಟುತ್ತದೆ. ಮುಂದೆ ಅದೇ ವಿದ್ವಾಂಸ ಕಾರ್ಮೆನ್‌ಳನ್ನು ಕಂಡಾಗ ಅವಳ ಕಣ್ಣು ಅವನಿಗೆ ತೋಳದ ಕಣ್ಣನ್ನು ನೆನಪಿಸುತ್ತದೆ. ತೋಳದ ಬಗ್ಗೆ ಧರ್ಮಸಂಕಟ ಯಾರಿಗೆ?

ಇನ್ನೊಂದು ವಿವರ ಇನ್ನೂ ಕಟುವಾದದ್ದು. ಹೊಸೆ ಹಿಡಾಲ್ಗೊ, ಅಂದರೆ ಕುಲೀನ. ಆದ್ದರಿಂದ ಅವನಿಗೆ ನೇಣಿಲ್ಲ. ಕುರ್ಚಿಯಲ್ಲಿ ಕೂರಿಸಿ ಕಬ್ಬಿಣದ ಪಟ್ಟಿಯಿಂದ ಕತ್ತು ಬಿಗಿದು ಕೊಲ್ಲುವ ಗರೋಟ್ ಶಿಕ್ಷೆ. ಆ ಕಾಲದಲ್ಲಿ ಅದು ಕುಲೀನರ ಹಕ್ಕಾಗಿತ್ತು, ಈಗ ಸಂವಿಧಾನದ ಆಡಳಿತ ಬಂದು ಸಾಮಾನ್ಯರಿಗೂ ಆ ಹಕ್ಕು ಸಿಕ್ಕಿದೆ ಎಂದು ಮೆರಿಮೆ ಅಡಿಟಿಪ್ಪಣಿಯಲ್ಲಿ ಬರೆಯುತ್ತಾನೆ. ಸ್ಮಶಾನದಲ್ಲೂ ಜಾತಿ ನೋಡುವ ನಮಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಕತ್ತು ಬಿಗಿಯುವ ಸಾಧನದಲ್ಲೂ ಮೇಲು ಕೀಳು!

ಇನ್ನು ಅವಳ ಕುಲಕ್ಕೆ ಆ ದೇಶದ ಕಾನೂನು ಏನು ಮಾಡಿತ್ತು ಅಂತ ನೋಡೋಣ. ಇದು ತಿಳಿಯದೆ ಕತೆ ಓದಿದರೆ ಕಳ್ಳತನ ಅವಳ ರಕ್ತದಲ್ಲೇ ಇತ್ತು ಅಂತ ನಾವೂ ನಂಬಿಬಿಡುತ್ತೇವೆ. 1499ರಲ್ಲಿ ಸ್ಪೇನಿನ ರಾಜ ರಾಣಿಯರು ಒಂದು ಆಜ್ಞೆ ಹೊರಡಿಸಿದರು. ರೋಮಾ ಜನ 60 ದಿನದೊಳಗೆ ಒಂದು ಕಡೆ ನೆಲೆ ನಿಂತು, ಒಬ್ಬ ಒಡೆಯನ ಕೈಕೆಳಗೆ ಸೇರಬೇಕು, ಇಲ್ಲವೇ ದೇಶ ಬಿಡಬೇಕು. ತಪ್ಪಿದರೆ ನೂರು ಛಡಿಯೇಟು, ಮತ್ತೆ ಸಿಕ್ಕರೆ ಕಿವಿ ಕತ್ತರಿಸುವುದು. 1749ರ ಜುಲೈ 30ರ ರಾತ್ರಿ ದೇಶದ ಉದ್ದಗಲಕ್ಕೂ ಒಂದೇ ಏಟಿಗೆ ದಾಳಿ ಮಾಡಿ ಸುಮಾರು 9,000 ರೋಮಾ ಜನರನ್ನು ಹಿಡಿದರು. ಗಂಡಸರನ್ನು ನೌಕಾಪಡೆಯ ಕಟ್ಟೆಗಳಿಗೆ ದುಡಿಯಲು ದಬ್ಬಿದರು. ಹೆಂಗಸರನ್ನೂ ಮಕ್ಕಳನ್ನೂ ಬೇರೆ ಕಡೆ ಕೂಡಿಹಾಕಿದರು. ಕೂಡಬಾರದು, ಹೆರಬಾರದು, ಕುಲ ಕರಗಿ ಹೋಗಬೇಕು ಎಂಬುದೇ ಉದ್ದೇಶ. ಸಿಕ್ಕಿದವರಲ್ಲಿ ಬಹಳ ಮಂದಿ ಅಲೆಮಾರಿಗಳಲ್ಲ. ಸರ್ಕಾರದ ಮಾತು ನಂಬಿ ನೆಲೆ ನಿಂತು, ಹೆಸರು ವಿಳಾಸ ಬರೆಸಿ, ಕಮ್ಮಾರಿಕೆ ಮಾಡಿಕೊಂಡಿದ್ದವರು. ವಿಳಾಸ ಇದ್ದದ್ದರಿಂದಲೇ ಸಿಕ್ಕಿಬಿದ್ದರು. ಕೆಲವರು 1760ರ ದಶಕದ ತನಕ ಹೊರಗೆ ಬರಲಿಲ್ಲ. ಅವರ ಅಪರಾಧ ಏನು ಅಂತ ಯಾವ ಕೋರ್ಟೂ ಹೇಳಲಿಲ್ಲ.

ಕಾರ್ಮೆನ್ ಈ ಜನರ ಮೊಮ್ಮಗಳು. ಅವಳ ಜನ ತಮ್ಮನ್ನು ಕಾಲೇ ಅಂತ ಕರೆದುಕೊಳ್ಳುತ್ತಾರೆ. ಹಾಗಂದರೆ ಕರಿಯರು. ನಮ್ಮ ಕಾಳ, ಕಾಳಿ ಎಂಬ ಹೆಸರುಗಳ ನೆಂಟ ಶಬ್ದ ಅದು. ನೀರಿಗೆ ಅವರ ಭಾಷೆಯಲ್ಲಿ ಪಾನಿ. ಎಣಿಸುವಾಗ ಏಕ್, ದುಯಿ, ತ್ರಿನ್ ಅಂತಾರೆ. ಉತ್ತರ ಹಿಂದೂಸ್ತಾನದಿಂದ ನೂರಾರು ವರ್ಷಗಳ ಹಿಂದೆ ಹೊರಟವರು ಎಂದು ಆ ಭಾಷೆಯೇ ಸಾಕ್ಷಿ ಹೇಳುತ್ತದೆ. ಅಲ್ಲಿಗೆ ಹೋದವರಿಗೆ ಹುಟ್ಟುಗಳ್ಳರು ಅಂತ ಹೆಸರು ಬಿತ್ತು. ಇಲ್ಲಿದ್ದ ಅಲೆಮಾರಿಗಳಿಗೆ ಆ ಹೆಸರು ಕಾನೂನಾಗಿ ಬಂತು. ಪ್ಯಾರಿಸ್‌ನ ರಂಗದ ಮೇಲೆ ಕಾರ್ಮೆನ್ ಹಾಡುತ್ತಾ ಬರುವುದಕ್ಕೆ ನಾಲ್ಕು ವರ್ಷ ಮೊದಲು, 1871ರಲ್ಲಿ, ಬ್ರಿಟಿಷರು ಇಲ್ಲಿ ಅಪರಾಧಿ ಬುಡಕಟ್ಟುಗಳ ಕಾಯಿದೆ ತಂದರು. ಕುಲದ ಹೆಸರು ಪಟ್ಟಿಗೆ ಸೇರಿದರೆ ಮುಗೀತು. ಹೆಸರು ನೋಂದಣಿ, ದಿನದ ಹಾಜರಿ, ಊರು ಬಿಟ್ಟು ಹೋಗಲು ಪಾಸು. ಹುಬ್ಬಳ್ಳಿಯಲ್ಲಿ ಮುಳ್ಳುತಂತಿ ಹಾಕಿ ಇಂಥ ಜನರನ್ನು ಇರಿಸಿದ್ದ ಜಾಗಕ್ಕೆ ಇವತ್ತಿಗೂ ಸೆಟ್ಲಮೆಂಟ್ ಅಂತಲೇ ಹೆಸರು. 1952ರ ಆಗಸ್ಟ್ 31ರಂದು ಆ ಕಾಯಿದೆ ರದ್ದಾಯಿತು. ದೇಶಕ್ಕೆ ಸ್ವಾತಂತ್ರ್ಯ ಬಂದು ಐದು ವರ್ಷವಾದ ಮೇಲೆ! ಆದರೆ ಅದರ ಬೆನ್ನಿಗೇ ರೂಢಿಗತ ಅಪರಾಧಿಗಳ ಕಾಯಿದೆಗಳು ಬಂದವು. ಜೀಪು ಮಾತ್ರ ಹಳೇ ದಾರಿಯಲ್ಲೇ ಓಡಿತು.

ಈಗ ಪ್ರೀತಿಯ ಮಾತಿಗೆ ಬರುತ್ತೇನೆ.

ಹೊಸೆ ಜೈಲಿನಲ್ಲಿದ್ದಾಗ ಕಾರ್ಮೆನ್ ಅವನಿಗೊಂದು ರೊಟ್ಟಿ ಕಳಿಸುತ್ತಾಳೆ. ಅದರೊಳಗೆ ಸರಳು ಕೊಯ್ಯಲು ಅರ, ಒಂದು ಚಿನ್ನದ ನಾಣ್ಯ. ಅವನು ಅದನ್ನು ಬಳಸುವುದಿಲ್ಲ. ಇನ್ನೂ ಸಿಪಾಯಿಯ ಮಾನ ಅವನಿಗೆ ದೊಡ್ಡದು. ಬಿಡುಗಡೆಯಾದ ಮೇಲೆ ಅವಳು ಅವನನ್ನು ಕರೆದುಕೊಂಡು ಹೋಗಿ ಒಂದು ದಿನ ಜತೆಗಿರುತ್ತಾಳೆ. ತಿಂಡಿ ತಿನಿಸು ಚೆಲ್ಲಾಡಿ, ಕುಣಿದು, ನಕ್ಕು ಕಳೆದ ದಿನ. ಮರುದಿನ ಬೆಳಿಗ್ಗೆ ಅವಳು ಲೆಕ್ಕ ಹೇಳುತ್ತಾಳೆ. ನಮ್ಮ ಕಟ್ಟಳೆಯ ಪ್ರಕಾರ ನಿನಗೆ ನಾನೇನೂ ಕೊಡಬೇಕಾಗಿರಲಿಲ್ಲ, ಆದರೂ ನೀನು ಇಷ್ಟವಾದೆ, ಈಗ ಬಾಕಿ ತೀರಿತು, ಹೋಗಿ ಬಾ ಅನ್ನುವ ಅರ್ಥದ ಮಾತು.

ಇಡೀ ಪುಸ್ತಕದಲ್ಲಿ ನನ್ನನ್ನು ತಡೆದು ನಿಲ್ಲಿಸಿದ ಜಾಗ ಇದು. ಅವಳ ಪಾಲಿಗೆ ಬಾಕಿ ತೀರಿತು. ಅವನ ಪಾಲಿಗೆ ತೀರಲಿಲ್ಲ. ಅವತ್ತು ಬೀದಿಯಲ್ಲಿ ಅವಳನ್ನು ಬಿಟ್ಟನಲ್ಲ, ಆ ಬಿಟ್ಟದ್ದನ್ನು ಅವನು ಸಾಲ ಅಂತ ಬರೆದಿಟ್ಟುಕೊಂಡ. ನಿನಗಾಗಿ ದಫೇದಾರಿಕೆ ಕಳಕೊಂಡೆ. ಅಸಲು. ನಿನಗಾಗಿ ಜೈಲಿಗೆ ಹೋದೆ. ಬಡ್ಡಿ. ನಿನಗಾಗಿ ಕೊಲೆ ಮಾಡಿದೆ. ಚಕ್ರಬಡ್ಡಿ. ಈ ಲೆಕ್ಕ ಎಲ್ಲೋ ಕೇಳಿದ ಹಾಗಿದೆಯಲ್ಲ? ನಮ್ಮ ತಾತನ ಮದುವೆಗೆ ಕೊಟ್ಟ ಎರಡು ಪಲ್ಲ ರಾಗಿಗೆ ನಮ್ಮ ಅಪ್ಪ ಜೀತಕ್ಕೆ ನಿಂತ ಲೆಕ್ಕ ಇದೇ. ಗೌಡರೂ ಅದನ್ನು ಸಾಲ ಅಂತ ಕರೆಯುತ್ತಿರಲಿಲ್ಲ. ನಿಮ್ಮ ಮೇಲಿನ ಪ್ರೀತಿಗೆ ಕೊಟ್ಟಿದ್ದು ಕಣ್ರೋ ಅನ್ನುತ್ತಿದ್ದರು.

ಕೊನೆಯ ದೃಶ್ಯದಲ್ಲಿ ಹೊಸೆ ಅವಳನ್ನು ಬೇಡುತ್ತಾನೆ. ಅಮೆರಿಕಕ್ಕೆ ಹೋಗೋಣ, ಹೊಸ ಬದುಕು ಮಾಡೋಣ ಅಂತಾನೆ. ಅಳುತ್ತಾನೆ. ಅವನ ಅಳು ಸುಳ್ಳು ಅಂತ ನಾನು ಹೇಳಲಾರೆ. ಆದರೆ ಸೊಂಟದಲ್ಲಿ ಚಾಕು ಇದೆ. ಅವಳ ಗಂಡನನ್ನು ಕೊಂದು ತೆಗೆದುಕೊಂಡ ಚಾಕು ಅದು. ಅವಳ ಆತ್ಮಕ್ಕಾಗಿ ಸನ್ಯಾಸಿಯೊಬ್ಬನಿಂದ ಪೂಜೆಯನ್ನೂ ಮುಂಚೆಯೇ ಮಾಡಿಸಿ ಬಂದಿದ್ದಾನೆ. ಬೇಡಿಕೆ ಇಡುವ ಮುಂಚೆಯೇ ತಿಥಿ ಮಾಡಿಸಿದವನ ಬೇಡಿಕೆಗೆ ಏನರ್ಥ? ಅವಳಿಗೆ ಇದೆಲ್ಲ ಗೊತ್ತು. ಓಡಿಹೋಗಲು ಸಮಯವೂ ಇತ್ತು. ಅವಳು ಓಡುವುದಿಲ್ಲ. ನಿನ್ನನ್ನು ಈಗ ಪ್ರೀತಿಸುವುದಿಲ್ಲ, ನಿನ್ನ ಜತೆ ಬಾಳಲಾರೆ ಎಂದು ಎದುರಿಗೇ ಹೇಳಿ, ಅವನು ಕೊಟ್ಟ ಉಂಗುರ ಬಿಸಾಡುತ್ತಾಳೆ. ಅವನು ಎರಡು ಸಲ ಇರಿಯುತ್ತಾನೆ. ಅವನ ಮೈಮೇಲಿನ ಸಮವಸ್ತ್ರ ಹೋಗಿ ಎಷ್ಟೋ ಕಾಲವಾಗಿತ್ತು. ಆದರೆ ಅವತ್ತು ಬೀದಿಯಲ್ಲಿ ತಪ್ಪಿಸಿಕೊಂಡ ಕೈದಿಯನ್ನು ಅವನು ಅವತ್ತು ಕಾಡಿನಲ್ಲಿ ಹಿಡಿದು ಮುಗಿಸಿದ.

ಕೊಂದ ಮೇಲೂ ಅವನ ಬಾಯಲ್ಲಿ ಬರುವ ಮಾತು ಏನು? ತಪ್ಪು ಅವಳದಲ್ಲವಂತೆ, ಅವಳನ್ನು ಹಾಗೆ ಬೆಳೆಸಿದ ಅವಳ ಕುಲದ್ದಂತೆ! ಚಾಕು ಹಿಡಿದ ಕೈ ಕುಲೀನರದು, ಅಪರಾಧ ಅಲೆಮಾರಿಗಳದು. 1871ರ ಕಾಯಿದೆಗೆ ಇದಕ್ಕಿಂತ ಒಳ್ಳೆಯ ಪೀಠಿಕೆ ಬರೆಯುವುದು ಕಷ್ಟ.

ಇದು ಹಳೇ ಕಾಲದ ಪರದೇಶದ ಕತೆ, ಬಿಡಿ ಅಂತ ಯಾರಾದರೂ ಅನ್ನಬಹುದು. 1972ರ ಮಾರ್ಚಿಯಲ್ಲಿ ಮಹಾರಾಷ್ಟ್ರದ ದೇಸಾಯಿಗಂಜ್ ಪೊಲೀಸ್ ಠಾಣೆಯಲ್ಲಿ ನಡೆದದ್ದನ್ನು ನೆನೆಯೋಣ. ಮಥುರಾ ಪ್ರಕರಣ ಎಂದು ದೇಶವೇ ಕರೆದ ಆ ಪ್ರಕರಣದ ಹುಡುಗಿ ಆದಿವಾಸಿ ಕೂಲಿಯವಳು. ಅವಳು ಠಾಣೆಗೆ ಬಂದದ್ದಾದರೂ ಯಾಕೆ? ಒಬ್ಬ ಹುಡುಗನನ್ನು ಪ್ರೀತಿಸಿದ್ದಳು, ಅಣ್ಣ ದೂರು ಕೊಟ್ಟಿದ್ದ. ರಾತ್ರಿ ಅವಳ ಮನೆಯವರನ್ನು ಹೊರಗೆ ಕಳಿಸಿ, ಅವಳನ್ನು ಒಳಗೇ ಉಳಿಸಿಕೊಂಡರು. ಇಬ್ಬರು ಪೊಲೀಸರ ಮೇಲೆ ಮೊಕದ್ದಮೆ ನಡೆಯಿತು. ಅಂಜಿ ಸುಮ್ಮನಿರುವುದು ಬೇರೆ, ಒಪ್ಪುವುದು ಬೇರೆ ಅಂತ ಹೈಕೋರ್ಟು ಹೇಳಿ ಶಿಕ್ಷೆ ಕೊಟ್ಟಿತು. 1978ರಲ್ಲಿ ಸುಪ್ರೀಂ ಕೋರ್ಟು ಇಬ್ಬರನ್ನೂ ಬಿಟ್ಟಿತು. ಅವಳ ಮೈಮೇಲೆ ಗಾಯದ ಗುರುತಿಲ್ಲ, ಆದ್ದರಿಂದ ಅವಳ ಒಪ್ಪಿಗೆ ಇತ್ತು ಅಂತ. ಉಪೇಂದ್ರ ಬಕ್ಷಿ, ಲತಿಕಾ ಸರ್ಕಾರ್, ವಸುಧಾ ಧಾಗಮ್‌ವಾರ್, ರಘುನಾಥ್ ಕೇಳ್ಕರ್ ಎಂಬ ನಾಲ್ವರು ಕಾನೂನು ಅಧ್ಯಾಪಕರು 1979ರಲ್ಲಿ ಮುಖ್ಯ ನ್ಯಾಯಮೂರ್ತಿಗಳಿಗೆ ಬಹಿರಂಗ ಪತ್ರ ಬರೆದರು. ಹೆಂಗಸರು ಬೀದಿಗೆ ಬಂದರು. 1983ರಲ್ಲಿ ಕಾನೂನು ಬದಲಾಯಿತು. ಕಸ್ಟಡಿಯಲ್ಲಿ ಸಂಭೋಗ ನಡೆದದ್ದು ಸಾಬೀತಾಗಿ, ಒಪ್ಪಿಗೆ ಇರಲಿಲ್ಲ ಅಂತ ಅವಳು ಹೇಳಿದರೆ, ಇರಲಿಲ್ಲ ಅಂತಲೇ ಕೋರ್ಟು ಭಾವಿಸಬೇಕು ಎಂದಾಯಿತು.

ಆ ಹುಡುಗಿ ನಮಗೆ ಒಂದು ದೊಡ್ಡ ನೈತಿಕ ಪ್ರಶ್ನೆ ಬಿಡಿಸಿಕೊಟ್ಟಳು. ಬೇಡ ಅನ್ನುವ ಧೈರ್ಯಕ್ಕೆ ಜಾಗ ಇಲ್ಲದ ಕಡೆ ಹೂಂ ಅನ್ನುವುದಕ್ಕೆ ಬೆಲೆ ಇಲ್ಲ. ಲಾಕಪ್ಪಿನ ಒಳಗೆ ಪ್ರೇಮಕತೆ ಇರಲಾರದು. ಇದು ಖಾಕಿಗೆ ಮಾತ್ರ ಅನ್ವಯಿಸುವ ಮಾತಲ್ಲ. ಯಾರ ಕೈಯಲ್ಲಿ ಇನ್ನೊಬ್ಬರ ಅನ್ನ, ಸೂರು, ಜಾಮೀನು, ಮಾರ್ಕು, ಮಾನ ಇದೆಯೋ ಅವರೆಲ್ಲರ ಪ್ರೀತಿಯನ್ನೂ ಹೀಗೇ ಪರೀಕ್ಷೆ ಮಾಡಬೇಕು.

ಹಾಗಾದರೆ ಗೆರೆಯ ಈ ಕಡೆಯವರು ಆ ಕಡೆಯವರನ್ನು ಪ್ರೀತಿಸುವುದು ಸಾಧ್ಯವೇ ಇಲ್ಲವೆ? ಅಮೆರಿಕದ ಎಲ್ಮೋರ್ ಲೆನಾರ್ಡ್ 1996ರಲ್ಲಿ ‘ಔಟ್ ಆಫ್ ಸೈಟ್’ ಎಂಬ ಕಾದಂಬರಿ ಬರೆದ. ಜೈಲಿನಿಂದ ತಪ್ಪಿಸಿಕೊಂಡ ಬ್ಯಾಂಕು ದರೋಡೆಕೋರ ಒಬ್ಬ. ಅವನನ್ನು ಹಿಡಿಯಬೇಕಾದ ಸರ್ಕಾರಿ ಮಾರ್ಷಲ್ ಒಬ್ಬಳು. ಇಬ್ಬರೂ ಕಾರಿನ ಡಿಕ್ಕಿಯೊಳಗೆ ಒತ್ತಾಗಿ ಬಿದ್ದುಕೊಂಡು ಸಿನಿಮಾ ಬಗ್ಗೆ ಹರಟುತ್ತಾರೆ. ಮುಂದೆ ಒಂದು ರಾತ್ರಿ ತಮ್ಮ ತಮ್ಮ ಕೆಲಸ ಮರೆತು ಕೂಡುತ್ತಾರೆ. ಕೊನೆಯಲ್ಲಿ ಅವನು ಗುಂಡಿಗೆ ಎದೆಯೊಡ್ಡಿದಾಗ ಅವಳು ಕಾಲಿಗೆ ಹೊಡೆದು, ಹಿಡಿದು, ಜೈಲಿಗೆ ಕಳಿಸುತ್ತಾಳೆ. ಅವನು ಬದುಕುತ್ತಾನೆ. ಓದಲು ಚೆನ್ನಾಗಿದೆ. ಆ ರಾತ್ರಿಯಲ್ಲಿ ಇಬ್ಬರಿಗೂ ಎದ್ದು ಹೋಗುವ ಬಾಗಿಲಿತ್ತು, ಅದಕ್ಕೇ ಅದು ಪ್ರೀತಿಯ ಹಾಗೆ ಕಾಣುತ್ತದೆ ಅಂತ ನನಗನ್ನಿಸುತ್ತೆ. ಆ ಕಳ್ಳನ ಅಪರಾಧ ಅವನೊಬ್ಬನದು. ಅವನ ಕುಲದ ಮೇಲೆ ಯಾರೂ ಅಧ್ಯಾಯ ಬರೆಯುವುದಿಲ್ಲ. ಕಾರ್ಮೆನ್‌ಗೆ ಆ ಬಾಗಿಲೂ ಇರಲಿಲ್ಲ, ತನ್ನ ತಪ್ಪನ್ನು ತನ್ನೊಬ್ಬಳದು ಅಂತ ಹೇಳಿಕೊಳ್ಳುವ ಸ್ವಾತಂತ್ರ್ಯವೂ ಇರಲಿಲ್ಲ.

ತಪ್ಪು ಅಂದೆ. ಹೌದು, ಅವಳ ತಪ್ಪನ್ನು ನಾನು ಮುಚ್ಚಿಡುವುದಿಲ್ಲ. ನಮ್ಮಲ್ಲಿ ಕೆಲವು ಗೆಳೆಯರಿಗೆ ಒಂದು ಚಟ ಇದೆ. ತುಳಿತಕ್ಕೆ ಒಳಗಾದವರನ್ನೆಲ್ಲ ದೇವರು ಮಾಡಿ ಕೈಮುಗಿದುಬಿಡುವುದು. ಕಾರ್ಮೆನ್ ಚಾಕು ಹಾಕಿದ್ದು ಯಾವ ಜಮೀನ್ದಾರನ ಮುಖಕ್ಕೆ? ತನ್ನ ಪಕ್ಕದಲ್ಲಿ ಕೂತು ಅದೇ ಹೊಗೆಸೊಪ್ಪಿನ ಘಾಟು ಕುಡಿಯುತ್ತಿದ್ದ ಕೂಲಿ ಹೆಂಗಸಿನ ಮುಖಕ್ಕೆ. ಆ ಹೆಂಗಸು ಜೀವಮಾನವಿಡೀ ಆ ಗೀರು ಹೊತ್ತು ತಿರುಗಿರಬೇಕು. ಅವಳ ಬಗ್ಗೆ ಹಾಡುನಾಟಕ ಕಟ್ಟಿದವರಿಲ್ಲ. ಕಾರ್ಮೆನ್‌ಗೆ ಶಿಕ್ಷೆ ಆಗಬೇಕಿತ್ತು. ಅವಳು ಮಾಡಿದ್ದಕ್ಕೆ, ಮಾಡಿದಷ್ಟಕ್ಕೆ, ಎಲ್ಲರಿಗೂ ಆಗುವಂಥ ಶಿಕ್ಷೆ. ಅಷ್ಟೇ ನ್ಯಾಯ. ಅಪರಾಧಿಯಾಗಿ ನಿಲ್ಲುವುದಕ್ಕೂ ಮನುಷ್ಯರಾಗಿರಬೇಕು. ಅವಳನ್ನು ತೋಳ ಮಾಡಿದವರೂ ದೇವತೆ ಮಾಡುವವರೂ ಆ ಒಂದು ಹಕ್ಕನ್ನು ಅವಳಿಗೆ ಕೊಡುವುದಿಲ್ಲ.

ಹೊಸೆಗೂ ನ್ಯಾಯ ಸಲ್ಲಬೇಕು. ಇಡೀ ಪುಸ್ತಕದಲ್ಲಿ ಅವನು ನಿಜವಾಗಿ ಪ್ರೀತಿಸಿದ ಒಂದು ಗಳಿಗೆ ಇದೆ. ಆ ಇಕ್ಕಟ್ಟಿನ ಬೀದಿಯಲ್ಲಿ ನೆಲಕ್ಕೆ ಬಿದ್ದು, ಎದ್ದು, ಭರ್ಜಿಯನ್ನು ಅಡ್ಡ ಹಿಡಿದು ತನ್ನ ಜತೆಯವರನ್ನು ತಡೆದನಲ್ಲ, ಆ ಗಳಿಗೆ. ಅವಳು ತಿರುಗಿ ಬರುತ್ತಾಳೆ ಅಂತ ಅವನಿಗೆ ಯಾವ ಭರವಸೆಯೂ ಇರಲಿಲ್ಲ. ಕಳೆದುಕೊಳ್ಳುವುದು ತನ್ನದು, ಬಿಡುಗಡೆ ಅವಳದು ಅಂತ ಗೊತ್ತಿದ್ದೇ ಬಿಟ್ಟ. ಅಲ್ಲಿಗೆ ಕತೆ ಮುಗಿದಿದ್ದರೆ ಅವನು ದೊಡ್ಡ ಮನುಷ್ಯ. ಕೈಬಿಟ್ಟದ್ದನ್ನು ಮಾರನೇ ದಿನದಿಂದ ಕೇಳತೊಡಗಿದ, ಅಲ್ಲೇ ಕೆಟ್ಟ.

ಇದನ್ನು ಬರೆಯುವಾಗ ನನ್ನದೂ ಒಂದು ಹೇಳದಿದ್ದರೆ ಆಷಾಢಭೂತಿತನವಾಗುತ್ತೆ. ಬಿ.ಎ. ಓದುವಾಗ ನಮ್ಮ ಕಡೆಯವಳೇ ಒಬ್ಬ ಹುಡುಗಿಗೆ ಹಾಸ್ಟೆಲ್ ಅರ್ಜಿ ತುಂಬಿಕೊಟ್ಟೆ. ಆಫೀಸಿಗೆ ನಾಲ್ಕು ಸಲ ಅಲೆದು ಸೀಟು ಆಗುವ ಹಾಗೆ ಮಾಡಿದೆ. ಸಂಘಟನೆಯ ಕೆಲಸ ಅಂತಲೇ ಮಾಡಿದ್ದು. ಆಮೇಲೆ ಅವಳಿಗೆ ಒಂದು ಪದ್ಯ ಬರೆದು ಕೊಟ್ಟೆ. ಅದರಲ್ಲಿ ನೀನು ನನ್ನವಳು ಅಂತ ಮೂರು ಕಡೆ ಇತ್ತು. ಅವಳು ಓದಿ ಮಡಚಿ ವಾಪಸ್ ಕೊಟ್ಟಳು. “ಅಣ್ಣ, ಅರ್ಜಿ ತುಂಬಿಕೊಟ್ಟಿದ್ದಕ್ಕೆ ಉಪಕಾರ ಆಯ್ತು ಅಂತ ಅವತ್ತೇ ಹೇಳಿದ್ನಲ್ಲ, ಇನ್ನೇನು ಬಾಕಿ ಇದೆ?” ಅಂದಳು. ನನಗೆ ಸಿಟ್ಟು ಬಂತು. ಎರಡು ತಿಂಗಳು ಅವಳ ಮುಖ ನೋಡಲಿಲ್ಲ. ಗೆಳೆಯರ ಹತ್ತಿರ ಅವಳ ಬಗ್ಗೆ ಹಗುರವಾಗಿ ಮಾತಾಡಿದೆ. ಗೌಡರ ಸಾಲದ ಪುಸ್ತಕದ ವಿರುದ್ಧ ಪದ್ಯ ಬರೆಯುತ್ತಿದ್ದ ನನ್ನ ಜೇಬಿನಲ್ಲೇ ಒಂದು ಸಾಲದ ಪುಸ್ತಕ ಇತ್ತು. ನನ್ನ ಕೈಯಲ್ಲಿ ಚಾಕು ಇರಲಿಲ್ಲ, ಲಾಠಿ ಇರಲಿಲ್ಲ. ಇದ್ದದ್ದು ಒಂದು ಹಾಸ್ಟೆಲ್ ಸೀಟಿನಷ್ಟು ಅಧಿಕಾರ. ಅಷ್ಟಕ್ಕೇ ಹೀಗಾದರೆ! ಆ ಹುಡುಗಿ ಬೇಡ ಅಂದ ಮೇಲೂ ಹಾಸ್ಟೆಲಿನಲ್ಲಿ ಉಳಿದಳು, ಪಾಸಾದಳು. ಅದು ನನ್ನ ದೊಡ್ಡತನದಿಂದ ಆದದ್ದಲ್ಲ. ಸೀಟು ಕೊಟ್ಟದ್ದು ಸರ್ಕಾರದ ನಿಯಮ, ಕಿತ್ತುಕೊಳ್ಳುವ ಹಕ್ಕು ನನಗಿರಲಿಲ್ಲ, ಅದಕ್ಕೆ ಉಳಿದಳು. ಹಕ್ಕು ಅನ್ನೋದು ಯಾಕೆ ಬೇಕು ಅಂತ ನನಗೆ ಅವತ್ತು ಸರಿಯಾಗಿ ತಿಳಿಯಿತು.

ಕತೆಯನ್ನು ಅವರೇ ಹೇಳಿದರೆ ಏನಾಗುತ್ತದೆ ಅನ್ನುವುದಕ್ಕೂ ಉದಾಹರಣೆ ಇದೆ. 1998ರ ಫೆಬ್ರವರಿಯಲ್ಲಿ ಪಶ್ಚಿಮ ಬಂಗಾಳದ ಪುರುಲಿಯಾದಲ್ಲಿ ಬುಧನ್ ಶಬರ ಎಂಬ ಬುಟ್ಟಿ ಹೆಣೆಯುವ ಯುವಕ ಪೊಲೀಸರು ಹಿಡಿದೊಯ್ದ ಮೇಲೆ ಸತ್ತ. ಅವನ ಕುಲವೂ ಬ್ರಿಟಿಷರ ಪಟ್ಟಿಯಲ್ಲಿದ್ದದ್ದೇ. ಮಹಾಶ್ವೇತಾ ದೇವಿ ಅವನ ಪರವಾಗಿ ನಿಂತರು, ಕೋಲ್ಕತಾ ಹೈಕೋರ್ಟು ಮರುತನಿಖೆಗೆ ಆಜ್ಞೆ ಮಾಡಿತು. ಅದೇ ವರ್ಷ ಅಹಮದಾಬಾದಿನ ಛಾರಾನಗರದ ಹುಡುಗ ಹುಡುಗಿಯರು ಅವನ ಸಾವನ್ನು ನಾಟಕ ಮಾಡಿ ಬೀದಿಗೆ ತಂದರು. ಅವರೂ ಹುಟ್ಟುಗಳ್ಳರು ಅನ್ನಿಸಿಕೊಂಡ ಛಾರಾ ಜನ. ಬುಧನ್ ಥಿಯೇಟರ್ ಅಂತ ಅವರ ತಂಡದ ಹೆಸರು. ಆ ನಾಟಕದಲ್ಲಿ ಪೊಲೀಸಿನ ಪಾತ್ರವನ್ನೂ ಅವರೇ ಮಾಡುತ್ತಾರೆ. ಚೀಟಿ ಎತ್ತಿ ಆಡುವ ಆಟ ಅಂದರೆ ಅದು. ಮರಾಠಿಯ ಲಕ್ಷ್ಮಣ ಗಾಯಕವಾಡ ‘ಉಚಲ್ಯಾ’ ಬರೆದಾಗಲೂ ಹಾಗೇ ಆಯಿತು. ಪಂಚನಾಮೆಯ ಮೇಲೆ ಮೊದಲ ಸಲ ಒಳಗಿನವನ ಸಹಿ ಬಿತ್ತು.

2024ರ ಅಕ್ಟೋಬರ್ 3ರಂದು ಸುಪ್ರೀಂ ಕೋರ್ಟು, ಜೈಲಿನ ಕೈಪಿಡಿಗಳಲ್ಲಿ ಉಳಿದಿದ್ದ ಜಾತಿಯ ಕಟ್ಟಳೆಗಳನ್ನು ಕಿತ್ತುಹಾಕಿತು. ಇಂಥ ಜಾತಿಯವರು ಗುಡಿಸಬೇಕು, ಇಂಥವರು ಅಡುಗೆ ಮಾಡಬೇಕು, ಅಲೆಮಾರಿ ಕುಲದವರನ್ನು ರೂಢಿಗತ ಅಪರಾಧಿಗಳ ಸಾಲಿನಲ್ಲಿ ನೋಡಬೇಕು ಎಂಬಂಥವು. ಕಾಯಿದೆ ರದ್ದಾಗಿ 72 ವರ್ಷವಾದ ಮೇಲೂ ಅವು ಪುಸ್ತಕದಲ್ಲಿ ಕೂತಿದ್ದವು. ಗರೋಟ್ ಕುರ್ಚಿಯಲ್ಲಿ ಕುಲ ನೋಡಿದ ಸ್ಪೇನಿಗೆ ನಾವು ನಗುವ ಹಾಗಿಲ್ಲ.

ಕಳ್ಳ ಪೊಲೀಸರ ಪ್ರೇಮಕತೆಗಳನ್ನು ಓದಬೇಡಿ ಅಂತ ನಾನು ಹೇಳುವುದಿಲ್ಲ. ಶಾಲೆಯ ಮೇಷ್ಟ್ರುಗಳು, ಕಾಲೇಜಿನ ಗೆಳೆಯರು, ಎಲ್ಲರೂ ಓದಿ. ಓದುವಾಗ ಮೂರು ಮಾತು ಕೇಳಿ. ಅವಳಿಗೆ ಕಳ್ಳಿ ಅಂತ ಹೆಸರಿಟ್ಟವರು ಯಾರು, ಅವಳು ಕದಿಯುವ ಮುಂಚೆಯೋ ಆಮೇಲೋ? ಕತೆ ಹೇಳುತ್ತಿರುವ ಬಾಯಿ ಯಾರದು? ಅವಳು ಬೇಡ ಅಂದರೆ ನಾಳೆ ಬೆಳಿಗ್ಗೆ ಬದುಕಿರುತ್ತಾಳಾ?

ಕೆರೆ ಏರಿ ಕೆಳಗಿನ ಗುಡಾರಗಳು ಈಗಿಲ್ಲ. ಮೋಟಾರು ಕಳುವಾದ ವಾರದಲ್ಲೇ ಅವರು ಊರು ಬಿಟ್ಟರು. ಆ ಮಕ್ಕಳಲ್ಲಿ ಒಬ್ಬಳು ಹುಡುಗಿಯಿದ್ದಳು, ಓಟದಲ್ಲಿ ನಮ್ಮ ಯಾರ ಕೈಗೂ ಸಿಗುತ್ತಿರಲಿಲ್ಲ. ಕೊನೆಯ ಸಲ ಆಟಕ್ಕೆ ಕರೆದಾಗ ಅವಳು ಬಯಲಿನ ಅಂಚಿನಲ್ಲೇ ನಿಂತು, “ಇವತ್ತು ನಾನು ಪೊಲೀಸು. ಆಗ್ತೀನಿ ಅಂದ್ರೆ ಬರ್ತೀನಿ” ಅಂದಳು. ನಾವು ನಕ್ಕುಬಿಟ್ಟೆವು. ಅವಳು ತಿರುಗಿ ಏರಿಯ ಕಡೆ ನಡೆದುಹೋದಳು.